ಮಳೆಯ ದಿನ ಶುರುವಾಗುವುದು ಬೆಳಗ್ಗೆ ಎಂಟೂವರೆಗೆ

2022ರ ಸೆಪ್ಟೆಂಬರ್ 4, ಭಾನುವಾರ. ಹುಬ್ಬೆ ಮಳೆ ಆ ರಾತ್ರಿ ಜಡಿದು ಸುರಿಯಿತು. ಆ ವಾರವೆಲ್ಲ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ನೀರು ನಿಂತು, ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಹವಾಮಾನ ಇಲಾಖೆಯ ಬೆಂಗಳೂರು ನಗರ ವೀಕ್ಷಣಾಲಯದಲ್ಲಿ ದಾಖಲಾಗಿದ್ದು 131.6 ಮಿ.ಮೀ. ಮೂವತ್ತು-ನಲವತ್ತರ ಒಂದು ಸೈಟಿನ ಮೇಲೇ ಸುಮಾರು 14,700 ಲೀಟರ್ ನೀರು. ಆರು ಸಾವಿರ ಲೀಟರಿನ ಎರಡು ಟ್ಯಾಂಕರ್ ತುಂಬಿಯೂ ಮಿಗುತ್ತದೆ.

ಆಗ ನಾನು ಬೆಂಗಳೂರಿನ ಅತಿವೃಷ್ಟಿಯ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಮಳೆಮಾಪಕದ ಅಂಕಿಗಳನ್ನು ಇಆರ್‌ಎ5 ಎಂಬ ಮರುವಿಶ್ಲೇಷಣೆ ದತ್ತಾಂಶದ (ಹಳೆಯ ಅಳತೆಗಳನ್ನು ಕಂಪ್ಯೂಟರ್ ಮಾಡೆಲ್ಲಿಗೆ ಬೆರೆಸಿ ಹಿಂದಿನ ಹವಾಮಾನವನ್ನು ಮತ್ತೆ ಕಟ್ಟಿದ ಲೆಕ್ಕ) ಪಕ್ಕ ಇಟ್ಟು ನೋಡಿದರೆ ಒಂದಕ್ಕೊಂದು ತಾಳೆಯೇ ಆಗುತ್ತಿರಲಿಲ್ಲ. ಎರಡು ವಾರ ಮಾಡೆಲ್ಲಿನ ತಪ್ಪೆಂದೇ ನಂಬಿ ಕೂತಿದ್ದೆ.

ಮನೆ ಓನರ್ ಆಂಟಿ ಟೆರೇಸಿನಲ್ಲಿ ನಾನಿಟ್ಟ ಮಳೆಮಾಪಕವನ್ನು ಆಸಕ್ತಿಯಿಂದ ನೋಡುತ್ತಿದ್ದರು. ಒಂದು ಬೆಳಗ್ಗೆ ನನ್ನ ಪುಸ್ತಕ ನೋಡಿ, "ಅಲ್ಲಮ್ಮಾ, ಸುರಿದಿದ್ದು ನಿನ್ನೆ ಸಂಜೆ, ನೀನು ಇವತ್ತಿನ ತಾರೀಕು ಹಾಕಿದೀಯಲ್ಲ?" ಅಂದರು. "ಇಲಾಖೆಯವರು ಹಾಗೇ ಬರೀತಾರೆ ಆಂಟಿ, ಬೆಳಗ್ಗೆ ಎಂಟೂವರೆಗೆ ಅಳೆದು ಆ ದಿನಕ್ಕೇ ಹಾಕ್ತಾರೆ" ಅಂದೆ. ಹೇಳುತ್ತಿದ್ದ ಹಾಗೇ ನನ್ನ ತಪ್ಪು ಹೊಳೆಯಿತು.

ಇಲಾಖೆಯ ದಿನ ನಿನ್ನೆ ಬೆಳಗ್ಗೆ 8:30ರಿಂದ ಇಂದು ಬೆಳಗ್ಗೆ 8:30ರವರೆಗೆ. ಆ 131.6 ಮಿ.ಮೀ. ಕೂಡ ಪಟ್ಟಿಯಲ್ಲಿ 5ನೇ ತಾರೀಕಿನದು. ಇಆರ್‌ಎ5ರಲ್ಲಿ ಗಂಟೆ ಲೆಕ್ಕದ ಮಳೆ ಇರುತ್ತದೆ, ಅದೂ ಗ್ರೀನಿಚ್ ಸಮಯದಲ್ಲಿ. ನಾನು ಅದನ್ನು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಕೂಡಿಸಿದ್ದೆ. ನಮ್ಮೂರಿನ ಗುಡುಗು ಮಳೆ ಹೆಚ್ಚಾಗಿ ಸಂಜೆಯದು. ಹೀಗಾಗಿ ದೊಡ್ಡ ಮಳೆಗಳೆಲ್ಲ ಒಂದೊಂದು ದಿನ ಆಚೀಚೆ ಬಿದ್ದಿದ್ದವು. ಗ್ರೀನಿಚ್‌ನ 3 ಗಂಟೆಯಿಂದ, ಅಂದರೆ ನಮ್ಮ ಬೆಳಗ್ಗೆ ಎಂಟೂವರೆಯಿಂದ, ಮರುದಿನದ 3 ಗಂಟೆಗೆ ಕೂಡಿಸಿ, ಮರುದಿನದ ತಾರೀಕು ಕೊಟ್ಟೆ. ಅಂಕಿಗಳು ಹತ್ತಿರ ಬಂದವು.

ತಾರೀಕು ಸರಿಯಾದ ಮೇಲೆ ಉಳಿದಿದ್ದೇ ಮಾಡೆಲ್ಲಿನ ನಿಜವಾದ ಕೊರತೆ. ಭವಿಷ್ಯದ ಹವಾಮಾನ ಲೆಕ್ಕಹಾಕುವ ಜಾಗತಿಕ ಮಾಡೆಲ್ಲುಗಳಲ್ಲಿ ಅದು ಇನ್ನೂ ಹೆಚ್ಚು. ಅವು ಭೂಮಿಯನ್ನು ಚೌಕ ಚೌಕವಾಗಿ ಭಾಗ ಮಾಡುತ್ತವೆ; ಒಂದು ಚೌಕ ಸುಮಾರು ನೂರು ಕಿ.ಮೀ. ಅಗಲ, ಬೆಂಗಳೂರು ಪೂರ್ತಿ ಅದರ ಒಂದು ಮೂಲೆಯಲ್ಲೇ ಹಿಡಿಸುತ್ತದೆ. ಯಲಹಂಕದಲ್ಲಿ ಧೋ ಎಂದು ಸುರಿಯುವಾಗ ಜಯನಗರದಲ್ಲಿ ಬಟ್ಟೆ ಒಣಗುವ ಊರಿದು. ಚೌಕದ ಸರಾಸರಿಯಲ್ಲಿ ಆ ಯಲಹಂಕದ ಮಳೆ ಕರಗಿಹೋಗುತ್ತದೆ. ಇನ್ನೊಂದು, ಇಂಥ ಮಾಡೆಲ್‌ಗಳಲ್ಲಿ ತುಂತುರು ಪದೇ ಪದೇ ಬೀಳುತ್ತದೆ, ಗುಡುಗು ಮಳೆ ಮಧ್ಯಾಹ್ನದ ಹೊತ್ತಿಗೇ ಬಂದುಬಿಡುತ್ತದೆ. ಆಫೀಸು ಬಿಡುವ ಹೊತ್ತಿಗೆ ಸಿಲ್ಕ್ ಬೋರ್ಡಿನಲ್ಲಿ ನೆನೆದವರಿಗೆ ಇದು ಎಷ್ಟು ದೊಡ್ಡ ವ್ಯತ್ಯಾಸವೆಂದು ಹೇಳಬೇಕಿಲ್ಲ.

ಅದಕ್ಕೇ ನಾನು ಮಾಡೆಲ್ಲಿನ ಮಿಲಿಮೀಟರುಗಳನ್ನು ನೇರವಾಗಿ ಬಳಸುವುದಿಲ್ಲ. ಮಾಡೆಲ್ಲಿನ ಹಿಂದಿನ ಕಾಲಕ್ಕೂ ಮುಂದಿನ ಕಾಲಕ್ಕೂ ಅತಿವೃಷ್ಟಿ ಎಷ್ಟು ಪಟ್ಟು ಬದಲಾಗಿದೆ ಎಂದು ತೆಗೆದು, ಅದನ್ನು ಮಳೆಮಾಪಕದ ಅಂಕಿಗಳಿಗೆ ಅನ್ವಯಿಸುತ್ತೇನೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿಯಬಲ್ಲ ತೇವಾಂಶ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ನನ್ನ ಉತ್ತರ ಇದಕ್ಕಿಂತ ತೀರಾ ದೂರ ಹೋದರೆ ಮತ್ತೆ ಮೊದಲಿಂದ ಲೆಕ್ಕ ನೋಡುತ್ತೇನೆ.

ಒಮ್ಮೆ ರಾಜಕಾಲುವೆ ಕೆಲಸದ ಎಂಜಿನಿಯರೊಬ್ಬರು, "ನೂರು ವರ್ಷಕ್ಕೊಮ್ಮೆ ಬರೋ ಮಳೆ ಮೇಡಂ, ನಮ್ಮ ಕಾಲಕ್ಕೆ ಬರಲ್ಲ ಬಿಡಿ" ಎಂದರು. ನೂರು ವರ್ಷಕ್ಕೊಮ್ಮೆ ಎಂದರೆ ನಿಜವಾದ ಅರ್ಥ ಪ್ರತಿ ವರ್ಷವೂ ಶೇ. 1ರಷ್ಟು ಸಾಧ್ಯತೆ ಎಂದು. ಮೂವತ್ತು ವರ್ಷ ಬಾಳುವ ಕಾಲುವೆ ಅದನ್ನು ಒಮ್ಮೆಯಾದರೂ ಕಾಣುವ ಸಾಧ್ಯತೆ ಶೇ. 26. ಹಾಳೆಯ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ದಿನದ ಮಳೆ ಬೇಡ, ಕಾಲು ಗಂಟೆಯದು ಕೊಡಿ, ಕಾಲುವೆ ಉಕ್ಕೋದು ಅದರಲ್ಲೇ" ಎಂದರು. ಅವರು ಕೇಳಿದ್ದು ಸರಿಯಾಗಿತ್ತು. ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹದಿನೈದು ನಿಮಿಷದ ಅಂಕಿಗಳನ್ನು ಹಿಡಿದು ಅದೇ ಲೆಕ್ಕದಲ್ಲಿದ್ದೇನೆ.