ಮಜ್ಜೆಯಲ್ಲಿ ಸಿಕ್ಕಿದ್ದೆಲ್ಲ ಅಲ್ಲೇ ನೆಲೆಸಿದ್ದಲ್ಲ

ಲಸಿಕೆ ಕೊಟ್ಟು ಆರೇಳು ವಾರವಾದ ಇಲಿಯ ಮೂಳೆಮಜ್ಜೆಯಲ್ಲಿ ಸ್ಮರಣಾ ಟಿ ಕೋಶಗಳನ್ನು (ಹಿಂದೆ ಕಂಡ ರೋಗಾಣುವನ್ನು ನೆನಪಿಟ್ಟ ರಕ್ಷಣಾ ಕೋಶಗಳನ್ನು) ಎಣಿಸುವುದು ಸುಲಭ. ಅವುಗಳಲ್ಲಿ ಎಷ್ಟು ಬೀಡುಬಿಟ್ಟವು, ಎಷ್ಟು ಹಾದುಹೋಗುವಾಗ ಸಿಕ್ಕಿಬಿದ್ದವು ಅನ್ನುವುದೇ ತಕರಾರು. ಮಜ್ಜೆಯ ತುಂಬ ತೆಳುಗೋಡೆಯ ರಕ್ತನಾಳಗಳು. ಮಜ್ಜೆ ತೆಗೆದರೆ ಆ ರಕ್ತವೂ ಜೊತೆಗೇ ಬರುತ್ತದೆ.

ಹಾಗಾಗಿ ಇಲಿಯನ್ನು ಕೊಲ್ಲುವ 3 ನಿಮಿಷ ಮೊದಲು ಬಿಳಿರಕ್ತಕೋಶಗಳ ಮೈಮೇಲಿನ ಸಿಡಿ45 ಪ್ರೋಟೀನಿಗೆ ಅಂಟುವ, ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯವನ್ನು ಬಾಲದ ರಕ್ತನಾಳಕ್ಕೆ ಕೊಡುತ್ತೇವೆ: 3 ಮೈಕ್ರೋಗ್ರಾಂ, 200 ಮೈಕ್ರೋಲೀಟರ್ ಸಲೈನ್‌ನಲ್ಲಿ. ರಕ್ತದಲ್ಲಿರುವ ಕೋಶಕ್ಕೆ ಬಣ್ಣ ಹತ್ತುತ್ತದೆ, ನಾಳ ದಾಟಿ ಮಜ್ಜೆಯ ಒಳಗಿರುವುದಕ್ಕೆ ಹತ್ತುವುದಿಲ್ಲ. ಸೂಜಿ ಚುಚ್ಚಿದಲ್ಲಿ ಬಾಲ ಬೆಳ್ಳಗೆ ಉಬ್ಬಿದರೆ ಪ್ರತಿಕಾಯ ನಾಳಕ್ಕೆ ಹೋಗಿಲ್ಲ. ಆ ಇಲಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪ್ರತಿ ಇಲಿಯ ರಕ್ತ, ಥೈಮಸ್ (ಟಿ ಕೋಶಗಳು ಬೆಳೆಯುವ ಎದೆಯ ಗ್ರಂಥಿ) ಎರಡನ್ನೂ ಪರೀಕ್ಷಿಸಬೇಕು. ರಕ್ತದ ಕೋಶಗಳು ಹೆಚ್ಚುಕಡಿಮೆ ಎಲ್ಲವೂ ಹೊಳೆಯಬೇಕು, ಥೈಮಸ್‌ನವು ಹೊಳೆಯಲೇಬಾರದು. ಹತ್ತು ನಿಮಿಷ ಬಿಟ್ಟರೆ ನಾಳದ ಗೋಡೆಯಿಂದ ಪ್ರತಿಕಾಯ ಸೋರಿ ಒಳಗಿನ ಕೋಶಗಳಿಗೂ ಹತ್ತುತ್ತದೆ. ಮಜ್ಜೆಯಲ್ಲಿ ಈ ಕಾಟ ಬೇರೆ ಅಂಗಗಳಿಗಿಂತ ಜಾಸ್ತಿ.

ಸಿರಿಂಜಿನಿಂದ ಮಜ್ಜೆ ತಳ್ಳುವುದನ್ನು ಬಿಟ್ಟಿದ್ದೇವೆ. 0.5 ಮಿಲೀ ಟ್ಯೂಬಿನ ತಳಕ್ಕೆ 18 ಗೇಜ್ ಸೂಜಿಯಿಂದ ತೂತು ಮಾಡಿ, ಮೊಣಕಾಲ ಕಡೆಯ ತುದಿ ಕತ್ತರಿಸಿದ ಮೂಳೆಯನ್ನು ಆ ತುದಿ ಕೆಳಗಾಗಿ ಇಡಿ. ಅದನ್ನು 1.5 ಮಿಲೀ ಟ್ಯೂಬಿನೊಳಗೆ ಕೂರಿಸಿ ಸೆಂಟ್ರಿಫ್ಯೂಜಿನಲ್ಲಿ 10,000 ಜಿ (ಭೂಮಿಯ ಗುರುತ್ವದ 10,000 ಪಟ್ಟು) ಬಲದಲ್ಲಿ 15 ಸೆಕೆಂಡು ತಿರುಗಿಸಿದರೆ ಸಾಕು. ಮೂಳೆ ಬೆಳ್ಳಗಾಗಿ ತಳದಲ್ಲಿ ಕೆಂಪು ಉಂಡೆ ಕೂರಬೇಕು. ಮೂಳೆ ಇನ್ನೂ ಗುಲಾಬಿಯಾಗಿದ್ದರೆ ತುದಿಯನ್ನು ಸ್ವಲ್ಪ ಹೆಚ್ಚು ಕತ್ತರಿಸಿ ಮತ್ತೆ ತಿರುಗಿಸಿ. ಆಮೇಲೆ ಕೆಂಪುಕಣ ಒಡೆಯುವ ದ್ರಾವಣದಲ್ಲಿ ಒಂದೇ ನಿಮಿಷ, ತಕ್ಷಣ 10 ಮಿಲೀ ತಣ್ಣನೆ ಬಫರ್, 70 ಮೈಕ್ರಾನ್ ಜರಡಿ.

ಪ್ರತಿಕಾಯ ಸುರಿಸುವ ಪ್ಲಾಸ್ಮಾ ಕೋಶಗಳ ಗೋಳೇ ಬೇರೆ. ಅವು ಗುಲ್ಮದಿಂದಲೋ ದುಗ್ಧಗ್ರಂಥಿಯಿಂದಲೋ ಹೊರಟು, ಮಜ್ಜೆಯ ಆಸರೆ ಕೋಶಗಳು ಬಿಡುವ ಸಿಎಕ್ಸ್‌ಸಿಎಲ್12 ಎಂಬ ಕೋಶಗಳನ್ನು ಸೆಳೆಯುವ ಪ್ರೋಟೀನಿನ ಜಾಡು ಹಿಡಿದು ಬಂದು ಸೇರುತ್ತವೆ; ಅಲ್ಲಿಂದ ಕಿತ್ತರೆ ಬೇಗ ಸಾಯುತ್ತವೆ. ಕೆಲಸವೆಲ್ಲ ಐಸಿನ ಮೇಲೇ, ಅದೇ ದಿನ. ಟ್ರಿಪ್ಸಿನ್ (ಪ್ರೋಟೀನ್ ಕತ್ತರಿಸುವ ಕಿಣ್ವ) ಮುಟ್ಟಿಸಿದರೆ ಅವುಗಳ ಗುರುತಾದ ಸಿಡಿ138 ಪ್ರೋಟೀನ್ ಕಳಚಿ ಹೋಗುತ್ತದೆ. ಬೆಳೆಯುತ್ತಿರುವ ಬಿ ಕೋಶಗಳಲ್ಲೂ ಅದು ತುಸು ಇರುವುದರಿಂದ, ಜೊತೆಗೆ ಟಿಎಸಿಐ ಎಂಬ ಇನ್ನೊಂದು ಗುರುತನ್ನೂ ನೋಡದೆ ಎಣಿಸಬೇಡಿ. ಪ್ರತಿಕಾಯ ಸುರಿಸುವ ಒಂದೊಂದು ಕೋಶವೂ ತಟ್ಟೆಯ ಮೇಲೆ ಒಂದು ಚುಕ್ಕೆ ಬಿಡುವ ಎಲಿಸ್ಪಾಟ್ ಪರೀಕ್ಷೆ ಇನ್ನೂ ವಾಸಿ: ತಟ್ಟೆಯ ಗುಳಿಗೆ 10 ಲಕ್ಷ ಕೋಶದಿಂದ ಶುರುಮಾಡಿ ಅರ್ಧರ್ಧ ತೆಳುಮಾಡುತ್ತ ಹೋಗಿ. ಇನ್‌ಕ್ಯುಬೇಟರ್‌ನಲ್ಲಿರುವಾಗ ತಟ್ಟೆ ಅಲುಗಾಡಿದರೆ ಚುಕ್ಕೆಗಳಿಗೆ ಬಾಲ ಬರುತ್ತದೆ.

ಇನ್ನು ಟಿ ಕೋಶ. ಬಣ್ಣ ಹತ್ತದ್ದೆಲ್ಲ ಖಾಯಂ ನಿವಾಸಿ ಎಂದು ಬರೆಯುವವರಿದ್ದಾರೆ. ಆ ಕೋಶ ಒಂದು ಗಂಟೆ ಮುಂಚೆ ಒಳಗೆ ಬಂದಿರಲೂಬಹುದು. ನೆಲೆಸಿದ ಕೋಶದ ಗುರುತು ಎನ್ನುವ ಸಿಡಿ69 ಪ್ರೋಟೀನ್ ಇದ್ದರೂ ಅದು ಸುಳಿವೇ ಹೊರತು ಸಾಕ್ಷಿಯಲ್ಲ. ಎರಡು ಇಲಿಗಳ ಚರ್ಮ ಹೊಲಿದು ರಕ್ತ ಬೆರೆಯುವಂತೆ ಮಾಡಿ, ವಾರಗಳ ನಂತರವೂ ಜೊತೆಗಾರನ ಮಜ್ಜೆಗೆ ಹೋಗದೆ ಉಳಿದವನ್ನು ಮಾತ್ರ ನಾವು ನಿವಾಸಿ ಅನ್ನುತ್ತೇವೆ.