ಬ್ರಾಡ್‌ವೇಲಿ ಹಳೇ ಮ್ಯೂಸಿಕಲ್ಲು, ಹೊಸ ಮ್ಯೂಸಿಕಲ್ಲು: ಪಾರ್ಟ್ ಬರೆಯೋ ಟೇಬಲ್ಲಿಂದ ನಾ ಕಂಡಿದ್ದು

ನ್ಯೂಯಾರ್ಕಿನ ಬ್ರಾಡ್‌ವೇ ಥಿಯೇಟರ್‌ಗಳಲ್ಲಿ ಆಡೋ ಹಾಡು-ಕುಣಿತದ ನಾಟಕಗಳಿಗೆ, ಅಂದ್ರೆ ಮ್ಯೂಸಿಕಲ್‌ಗಳಿಗೆ, ನಾನು ಮಾಡೋ ಕೆಲಸಕ್ಕೆ ಮ್ಯೂಸಿಕ್ ಪ್ರೆಪ್ ಅಂತಾರೆ, ಹಳಬರು ಕಾಪಿಯಿಸ್ಟ್ ಅಂತಾರೆ. ಕಂಪೋಸರ್ ಪಿಯಾನೋಗೆ ಬರೆದಿದ್ದನ್ನ ಆರ್ಕೆಸ್ಟ್ರೇಟರ್ ಯಾವ ವಾದ್ಯ ಏನು ನುಡಿಸಬೇಕು ಅಂತ ಹಂಚ್ತಾರೆ, ಆ ದೊಡ್ಡ ಸ್ಕೋರಿಂದ ಒಬ್ಬೊಬ್ಬ ವಾದಕನ ಪಾರ್ಟನ್ನೂ ಬೇರೆ ಮಾಡಿ, ಪುಟ ಜೋಡಿಸಿ, ಪಿಟ್‌ನಲ್ಲಿ, ಅಂದ್ರೆ ಸ್ಟೇಜ್ ಮುಂದೆ ವಾದಕರು ಕೂರೋ ತಗ್ಗಲ್ಲಿ, ಅವರವರ ಸ್ಟ್ಯಾಂಡ್ ಮೇಲೆ ಇಡೋದು ನನ್ನ ಪಾಲಿಗೆ ಬರತ್ತೆ. ಹಳೇ ಶೋನ ಮತ್ತೆ ತರೋ ರಿವೈವಲ್‌ಗೂ ಮಾಡಿದೀನಿ, ಹೊಸ ಶೋಗೂ ಮಾಡಿದೀನಿ. ಪರಿಚಯದವರು ಯಾವಾಗ್ಲೂ ಒಂದೇ ಪ್ರಶ್ನೆ ಕೇಳ್ತಾರೆ, ಯಾಕೆ ಈ ಪ್ರೊಡ್ಯೂಸರ್‌ಗಳು ಹಳೇದನ್ನೇ ತಿರುಗಾ ಮುರುಗಾ ತರ್ತಾರೆ, ಹೊಸದು ಬರೆಯೋರು ಇಲ್ವಾ ಅಂತ. ಬರೆಯೋರು ಬೇಕಾದಷ್ಟು ಜನ ಇದಾರೆ. ಉತ್ತರ ಬೇಕಂದ್ರೆ ನಮ್ಮ ಬಿಲ್ ನೋಡಿ ಅಂತೀನಿ ನಾನು.

ನಮ್ಮ ಬಿಲ್ ಪುಟದ ಲೆಕ್ಕದಲ್ಲಿ ಹೋಗತ್ತೆ. ರಿವೈವಲ್‌ನಲ್ಲಿ ಬಿಲ್ಲಿನ ಬಹುಪಾಲು ರಿಹರ್ಸಲ್ ಶುರುವಾಗೋ ಮುಂಚೇನೇ ಮುಗಿದಿರತ್ತೆ, ಆಮೇಲೆ ಬರೋದು ಚಿಲ್ಲರೆ ತಿದ್ದುಪಡಿ. ಹೊಸ ಶೋನಲ್ಲಿ ಉಲ್ಟಾ, ಪ್ರಿವ್ಯೂ, ಅಂದ್ರೆ ಓಪನಿಂಗ್‌ಗೆ ಮುಂಚಿನ ಶೋಗಳು, ಶುರುವಾದ ಮೇಲೇ ಬಿಲ್ ಏರಕ್ಕೆ ಶುರು. ಟಿಕೆಟ್ ಕೊಂಡಿರೋ ಜನ ಕೂತಿರ್ತಾರೆ, ಶೋ ಮಾತ್ರ ಇನ್ನೂ ಮುಗಿದಿರಲ್ಲ. ಮಧ್ಯಾಹ್ನ ರಿಹರ್ಸಲ್, ರಾತ್ರಿ ಶೋ, ಮಾರನೇ ದಿನ ಮತ್ತೆ ಬದಲಾವಣೆ, ಕ್ರಿಟಿಕ್‌ಗಳು ಬರೋ ಮುಂಚೆ ಒಂದಿನ ಶೋ ಫ್ರೀಜ್ ಅಂತ ಹೇಳೋವರೆಗೂ ಇದೇ ಕಥೆ.

ಒಂದು ಬದಲಾವಣೆ ಅಂದ್ರೆ ಏನು ಅಂತ ಹೇಳ್ತೀನಿ, ಇಲ್ಲಾಂದ್ರೆ ಇದು ಅರ್ಥ ಆಗಲ್ಲ. ಹೀರೋಯಿನ್‌ಗೆ ಎರಡನೇ ಆಕ್ಟಿನ ಹಾಡು ವಾರಕ್ಕೆ ಎಂಟು ಶೋ ಹಾಡಕ್ಕೆ ಎತ್ತರ ಆಗ್ತಿದೆ, ಒಂದು ಟೋನ್ ಇಳಿಸೋಣ ಅಂತ ಆರ್ಕೆಸ್ಟ್ರಾ ನಡೆಸೋ ಮ್ಯೂಸಿಕ್ ಡೈರೆಕ್ಟರ್ ಮಧ್ಯಾಹ್ನ ಹೇಳ್ತಾರೆ. ಕಂಪ್ಯೂಟರಲ್ಲಿ ಇಡೀ ಸ್ಕೋರ್ ಸೆಲೆಕ್ಟ್ ಮಾಡಿ ಇಳಿಸೋದು ಕ್ಷಣದ ಕೆಲಸ. ಆದ್ರೆ ವಯೊಲಿನ್‌ನ ಕೊನೇ ತಂತಿ ಜಿ, ಅದರ ಕೆಳಗೆ ಅಲ್ಲಿ ಸ್ವರಾನೇ ಇಲ್ಲ, ಆ ಹಾಡಿನ ಚಂದದ ಜಾಗ ಕೂತಿರೋದೇ ಆ ಖಾಲಿ ಜಿ ತಂತಿ ಮೇಲೆ, ಒಂದು ಟೋನ್ ಇಳಿಸಿದ್ರೆ ಎಫ್ ಬರತ್ತೆ, ವಯೊಲಿನ್ ಅದನ್ನ ನುಡಿಸಕ್ಕೇ ಆಗಲ್ಲ. ಸರಿ, ಆರ್ಕೆಸ್ಟ್ರೇಟರ್‌ಗೆ ಫೋನು. ಅವರು ಆ ಸಾಲನ್ನ ವಿಯೋಲಾಗೋ ಚೆಲ್ಲೋಗೋ ಕೊಡ್ತಾರೆ, ಹಾಗೆ ಕೊಟ್ಟಾಗ ಚೆಲ್ಲೋ ನುಡಿಸ್ತಿದ್ದಿದ್ದು ಇನ್ಯಾರಿಗೋ ಹೋಗಬೇಕು. ಹಿಂದಿನ ಡೈಲಾಗಿಂದ ಹಾಡಿಗೆ ಒಯ್ಯೋ ನಾಕು ಬಾರ್, ಅಂದ್ರೆ ನಾಕು ಆವರ್ತ, ಇನ್ನೂ ಹಳೇ ಶ್ರುತಿಲೇ ಇದೆ, ಅದಕ್ಕೆ ಹೊಸ ದಾರಿ ಹುಡುಕಬೇಕು. ಪ್ರತಿ ಪಾರ್ಟಲ್ಲೂ ಪುಟ ತಿರುಗಿಸೋ ಜಾಗದಲ್ಲಿ ವಾದಕನಿಗೆ ಒಂದೆರಡು ಬಾರ್ ಬಿಡುವು ಇದೆಯಾ ಅಂತ ನೋಡಬೇಕು, ಎರಡೂ ಕೈ ವಾದ್ಯದ ಮೇಲಿರೋವಾಗ ಪುಟ ಯಾರು ತಿರುಗಿಸ್ತಾರೆ? ಪ್ರಿಂಟ್ ಹಾಕಿ, ಟೇಪ್ ಅಂಟಿಸಿ, ಹಳೇ ಪುಟ ಕಿತ್ತು ಹೊಸದು ಇಟ್ಟು, ಕೀಬೋರ್ಡ್‌ನೋರ ಸೌಂಡ್ ಪ್ಯಾಚ್ ಸರಿಯಿದೆಯಾ ಅಂತ ಕೇಳಿ, ಶೋಗೆ ಅರ್ಧ ಗಂಟೆ ಇದೆ ಅನ್ನೋ ಕೂಗು ಬರೋ ಮುಂಚೆ ಪಿಟ್ ಬಿಟ್ಟು ಆಚೆ ಬರಬೇಕು. ರಾತ್ರಿ ಶೋ ಆಗತ್ತೆ. ಮಾರನೇ ದಿನ ಡೈರೆಕ್ಟರ್ ಹೇಳ್ತಾರೆ, ಆ ಹಾಡೇ ಬೇಡ, ತೆಗೆದುಬಿಡಿ.

ನಗು ಬರತ್ತೆ ಈಗ. ಆವತ್ತು ಬರಲ್ಲ.

ಇಷ್ಟು ಕೆಲಸ ಒಂದು ಹಾಡಿನದು. ಇದರ ಜೊತೆಗೆ ಸೆಟ್ ಅಂದುಕೊಂಡಿದ್ದಕ್ಕಿಂತ ಬೇಗ ಸರಿಯತ್ತೆ ಅಂತ ಸೀನ್ ಚೇಂಜ್ ಮ್ಯೂಸಿಕ್‌ನಲ್ಲಿ ಎಂಟು ಬಾರ್ ಕಟ್, ಜೋಕಿಗೆ ಜನ ಜಾಸ್ತಿ ನಗ್ತಿದಾರೆ ಅಂತ ಒಂದು ವ್ಯಾಂಪ್ (ಮುಂದಿನ ಮಾತು ಬರೋವರೆಗೂ ಸುತ್ತಿ ಸುತ್ತಿ ನುಡಿಸೋ ತುಣುಕು) ಸೇರಿಸೋದು, ಡ್ಯಾನ್ಸ್ ಉದ್ದ ಆಯ್ತು ಅಂತ ಡ್ಯಾನ್ಸ್ ಅರೇಂಜರ್ ಹೊಸದು ಬರೆಯೋದು. ಕಾಪಿ ಕೆಲಸ ಇದರಲ್ಲಿ ಚಿಕ್ಕ ಖರ್ಚು, ಲೈಟು, ಸೌಂಡು, ಬಟ್ಟೆ, ಸ್ಟೇಜ್‌ಹ್ಯಾಂಡ್ ಓವರ್‌ಟೈಮು ಎಲ್ಲಾ ಇದೇ ಥರ ಏರ್ತಾ ಹೋಗತ್ತೆ. ಹೊಸ ಮ್ಯೂಸಿಕಲ್ ದುಬಾರಿ ಅನ್ನೋದರ ಅರ್ಥ ಇದು. ಹಾಡು ಬರೆಸಿದ್ದಕ್ಕಿಂತ ತೆಗೆದು ಹಾಕಿದ್ದಕ್ಕೆ ಜಾಸ್ತಿ ದುಡ್ಡು ಹೋಗಿರತ್ತೆ. ರಿವೈವಲ್ ಮಾಡೋ ಪ್ರೊಡ್ಯೂಸರ್‌ಗೆ ಈ ತೆಗೆದು ಹಾಕೋ ಖರ್ಚಿಲ್ಲ, ಅದನ್ನ ಐವತ್ತು ವರ್ಷದ ಹಿಂದೆ ಬೇರೆ ಯಾರೋ ಕೊಟ್ಟು ಮುಗಿಸಿದಾರೆ.

ಹಾಗಂತ ರಿವೈವಲ್ ಅಂದ್ರೆ ಸಿದ್ಧ ಅಡುಗೆ, ಬಿಸಿ ಮಾಡಿದ್ರೆ ಸಾಕು ಅಂದುಕೊಂಡ್ರೆ ಅದೂ ತಪ್ಪು. ಬಾಡಿಗೆಗೆ ಬಂದ ಹಳೇ ಪಾರ್ಟ್‌ಗಳನ್ನ ಬಿಚ್ಚಿ ನೋಡಬೇಕು ನೀವು. ಕೈಬರಹ, ಅದರ ಮೇಲೆ ಪೆನ್ಸಿಲ್, ಪೆನ್ಸಿಲ್ ಮೇಲೆ ಇನ್ನೊಬ್ಬರ ಪೆನ್ಸಿಲ್, ಟೂರಿಗೆ ಅಂತ ಕಟ್ ಮಾಡಿದ ಬಾರ್‌ಗಳು, ಒಂದೇ ಸ್ವರ ಟ್ರಂಪೆಟ್ ಪಾರ್ಟಲ್ಲಿ ಶಾರ್ಪ್ ಇದ್ರೆ ಟ್ರೊಂಬೋನಲ್ಲಿ ನ್ಯಾಚುರಲ್. ಎಷ್ಟೋ ಹಳೇ ಶೋಗಳಿಗೆ ಪೂರ್ತಿ ಸ್ಕೋರೇ ಕೈಗೆ ಸಿಗಲ್ಲ, ಕಂಡಕ್ಟರ್ ನೋಡ್ತಿದ್ದಿದ್ದು ಪಿಯಾನೋ ಸ್ಕೋರ್ ಥರದ್ದೊಂದು ಪುಸ್ತಕ ಅಷ್ಟೇ. ಹಾಗಾಗಿ ಪಾರ್ಟ್‌ಗಳಿಂದ ಹಿಂದಕ್ಕೆ ಹೋಗಿ ಸ್ಕೋರ್ ಕಟ್ಟಬೇಕು, ಇದು ನನ್ನ ಮಾಮೂಲಿ ಕೆಲಸದ ಉಲ್ಟಾ, ನಿಧಾನ, ಕಣ್ಣು ಹೋಗತ್ತೆ, ಆದ್ರೂ ನಂಗಿಷ್ಟ. ಯಾರೂ ಅವಸರ ಮಾಡಲ್ಲ. ಸತ್ತುಹೋದ ಒಬ್ಬ ಆರ್ಕೆಸ್ಟ್ರೇಟರ್ ಹಾಡುವವಳ ಮಾತು ಕೇಳಿಸ್ಲಿ ಅಂತ ಕ್ಲಾರಿನೆಟ್‌ನ ಎಷ್ಟು ಕೆಳಗೆ ಇಟ್ಟಿದಾರೆ ಅಂತ ಪುಟದ ಮೇಲೆ ಕಾಣತ್ತೆ, ಮೈಕ್ ಇಲ್ಲದ ಕಾಲದ ಬರವಣಿಗೆ ಅದು. ಹೊಸಬರು ಇದನ್ನ ಓದಬೇಕು ಅಂತ ಹೇಳ್ತಾನೇ ಇರ್ತೀನಿ.

ಇನ್ನೊಂದು ತಲೆನೋವು ಇತ್ತೀಚಿನದು. ಸ್ವರ ಬರೆಯಕ್ಕೆ ಬಳಸೋ ಫಿನಾಲೆ ಸಾಫ್ಟ್‌ವೇರ್ 2024ರ ಆಗಸ್ಟಲ್ಲಿ ನಿಲ್ಲಿಸ್ತೀವಿ ಅಂದುಬಿಟ್ರು. ಬೇಕಾದಷ್ಟು ಶೋಗಳ ಫೈಲ್ ಅದರಲ್ಲೇ ಇದೆ. ಮ್ಯೂಸಿಕ್‌ಎಕ್ಸ್‌ಎಂಎಲ್ ಫೈಲ್ ಮಾಡಿ ಸಿಬೇಲಿಯಸ್, ಡೊರಿಕೋ ಥರದ ಬೇರೆ ಸಾಫ್ಟ್‌ವೇರ್‌ಗೆ ತಂದ್ರೆ ಸ್ವರ ಬರತ್ತೆ, ನಾನು ಲೆಕ್ಕ ಹಾಕಿ ಇಟ್ಟ ಪುಟ ತಿರುಗೋ ಜಾಗ ಎಲ್ಲಾ ಚೆಲ್ಲಾಪಿಲ್ಲಿ.

ರಿವೈವಲ್‌ನಲ್ಲಿ ನಿಜವಾದ ಜಗಳ ನಡೆಯೋದು ಪಿಟ್‌ನಲ್ಲಿ ಎಷ್ಟು ಜನ ಅನ್ನೋದರ ಮೇಲೆ. 2003ರ ಮಾರ್ಚಲ್ಲಿ ವಾದಕರು ಸ್ಟ್ರೈಕ್ ಮಾಡಿದ್ದು ಇದಕ್ಕೇನೇ, ಕೊನೆಗೆ ದೊಡ್ಡ ಥಿಯೇಟರ್‌ಗಳಲ್ಲಿ ವಾದಕರ ಕನಿಷ್ಠ ಸಂಖ್ಯೆ 18–19ಕ್ಕೆ ಇಳೀತು. 1940ರ ದಶಕದ ಶೋನ 28 ವಾದಕರಿಗೆ ಅಂತ ಬರೆದಿರ್ತಾರೆ, ಈಗ ಚಿಕ್ಕ ಥಿಯೇಟರಲ್ಲಾದ್ರೆ ಪ್ರೊಡ್ಯೂಸರ್ ಹನ್ನೆರಡು ಜನ ಸಾಕು ಅಂತಾರೆ. ಮೂರು ಟ್ರೊಂಬೋನ್‌ನ ಸ್ವರಮೇಳ ಒಂದು ಟ್ರೊಂಬೋನ್, ಒಂದು ಕೀಬೋರ್ಡ್ ಆಗತ್ತೆ. ಇದನ್ನ ಚೆನ್ನಾಗಿ ಮಾಡೋ ದಾರಿ ಇದೆ, ಕಳಪೆಯಾಗಿ ಮಾಡೋ ದಾರೀನೂ ಇದೆ. 'ಓಕ್ಲಹೋಮಾ!' 1943ರದ್ದು, 2019ರ ರಿವೈವಲ್‌ನಲ್ಲಿ ಏಳೇ ಜನರ ಬ್ಯಾಂಡ್, ಬ್ಯಾಂಜೊ, ಮ್ಯಾಂಡೊಲಿನ್, ಪೆಡಲ್ ಸ್ಟೀಲ್ ಗಿಟಾರ್ ಎಲ್ಲಾ ಇಟ್ಟು ಪೂರ್ತಿ ಬೇರೆ ಆರ್ಕೆಸ್ಟ್ರೇಶನ್, ಅದು ಕಡಿತ ಅನ್ಸೋದೇ ಇಲ್ಲ, ಹೊಸ ಯೋಚನೆ ಅನ್ಸತ್ತೆ. 'ಸ್ವೀನಿ ಟಾಡ್' 1979ರದ್ದು, 2005ರಲ್ಲಿ ಹತ್ತು ನಟರೇ ಸ್ಟೇಜ್ ಮೇಲೆ ವಾದ್ಯ ನುಡಿಸ್ತಾ ಮಾಡಿದ್ರು, ಅದೇ ಶೋನ 2023ರಲ್ಲಿ ಮೂಲ ಆರ್ಕೆಸ್ಟ್ರೇಶನ್ ಇಟ್ಕೊಂಡು 26 ಜನರ ಆರ್ಕೆಸ್ಟ್ರಾ ಅಂತ ಜಾಹೀರಾತಲ್ಲೇ ಹೇಳ್ಕೊಂಡು ಮಾರಿದ್ರು. ಎರಡಕ್ಕೂ ಒಂದು ಕಾರಣ ಇತ್ತು. ಕಾರಣ ಇಲ್ದೆ ಬರೀ ಸ್ಟಾರ್ ಡೇಟ್ ಸಿಕ್ತು ಅಂತ ತರೋ ರಿವೈವಲ್ ಮಾತ್ರ ಪಾರ್ಟ್ ಬಿಡಿಸೋವಾಗ್ಲೇ ಬೋರು. ನಾನು ಕೆಲಸ ಮಾಡಿದ ಒಂದರಲ್ಲಿ, ಹೆಸರು ಬೇಡ, ರೀಡ್ ವಾದಕರನ್ನ (ಕ್ಲಾರಿನೆಟ್, ಸ್ಯಾಕ್ಸೊಫೋನ್ ಥರದ್ದು ನುಡಿಸೋರು) ನಾಕರಿಂದ ಎರಡಕ್ಕೆ ಇಳಿಸಿ ಉಳಿದಿದ್ದನ್ನ ಕೀಬೋರ್ಡ್‌ಗೆ ತುರುಕಿದ್ರು, ಉಳಿದ ದುಡ್ಡು ಪೋಸ್ಟರ್‌ಗೆ ಹೋಯ್ತು.

ಪ್ರೊಡ್ಯೂಸರ್‌ಗಳನ್ನ ಪೂರ್ತಿ ಬೈಯೋದೂ ಸರಿಯಲ್ಲ ಬಿಡಿ, ಲೆಕ್ಕ ಹಾಗಿದೆ. ರಿವೈವಲ್‌ಗೆ ಬ್ರಾಡ್‌ವೇಯ ದೊಡ್ಡ ಪ್ರಶಸ್ತಿ ಟೋನಿಲಿ ಪ್ರತ್ಯೇಕ ಸ್ಪರ್ಧೆ ಇದೆ, 1994ರಿಂದ ನಾಟಕದ ರಿವೈವಲ್ ಬೇರೆ, ಮ್ಯೂಸಿಕಲ್ ರಿವೈವಲ್ ಬೇರೆ. ಹೊಸದು ಎಷ್ಟು ಕಮ್ಮಿ ಇತ್ತು ಅಂದ್ರೆ 1995ರಲ್ಲಿ ಬೆಸ್ಟ್ ಸ್ಕೋರ್‌ಗೆ ನಾಮಿನೇಶನ್ ಒಂದೇ ಒಂದು, ಬೆಸ್ಟ್ ಮ್ಯೂಸಿಕಲ್‌ಗೆ ಎರಡು. ಆದ್ರೆ ಹೊಸದರ ಪರವಾಗಿ ಒಂದು ಲೆಕ್ಕ ಇದೆ, ಅದನ್ನ ಯಾರೂ ಹೇಳಲ್ಲ. ಮೊದಲ ಸಲ ಶೋ ತಂದ ಪ್ರೊಡ್ಯೂಸರ್‌ಗೆ, ಹೂಡಿಕೆದಾರರಿಗೆ, ಶೋ ಒಂದಷ್ಟು ಓಡಿದ್ರೆ ಮುಂದೆ ಶಾಲೆ, ಊರು, ಪ್ರಾಂತೀಯ ಥಿಯೇಟರ್‌ಗಳಿಂದ ಬರೋ ಲೈಸೆನ್ಸ್ ದುಡ್ಡಲ್ಲಿ ವರ್ಷಗಟ್ಟಲೆ ಪಾಲು ಇರತ್ತೆ. ರಿವೈವಲ್ ಮಾಡಿದೋರಿಗೆ ಅದು ಅಷ್ಟಾಗಿ ಸಿಗಲ್ಲ. ಅಂದ್ರೆ ಬ್ರಾಡ್‌ವೇಲಿ ಸೋತ ಹೊಸ ಶೋ ಕೂಡ ಆಮೇಲೆ ನಿಧಾನವಾಗಿ ದುಡೀಬಹುದು. ಸೋತ ರಿವೈವಲ್ ಸೋತ ಹಾಗೇ.

'ಶಿಕಾಗೋ' ಉದಾಹರಣೆ ಕೊಟ್ಟು ರಿವೈವಲ್ಲೇ ಅಗ್ಗ, ಅದೇ ಓಡತ್ತೆ ಅಂತ ವಾದ ಮಾಡೋರು ಸಿಗ್ತಾರೆ. ಸರಿ, 1975ರ ಶೋ, 1996ರ ಮೇ ತಿಂಗಳಲ್ಲಿ ಹಳೇ ಮ್ಯೂಸಿಕಲ್‌ಗಳನ್ನ ಆಡೋ ಎನ್ಕೋರ್ಸ್ ಅನ್ನೋ ಸರಣಿಲಿ ಕೆಲವೇ ದಿನದ ಕನ್ಸರ್ಟ್ ಥರ ಆಗಿ, ಅದೇ ವರ್ಷ ನವೆಂಬರಲ್ಲಿ ಬ್ರಾಡ್‌ವೇಗೆ ಬಂದು ಸೆಟ್ ಅಂದ್ರೆ ಹೆಚ್ಚೇನಿಲ್ಲ, ಬ್ಯಾಂಡ್ ಸ್ಟೇಜ್ ಮೇಲೇನೇ, ಕಪ್ಪು ಬಟ್ಟೆ, ಮೂಲಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಓಡ್ತು. ಅದನ್ನ ನೋಡಿ ಎಲ್ಲಾ ರಿವೈವಲ್ಲೂ ಅಗ್ಗ ಅಂದುಕೊಂಡ್ರೆ ಕಷ್ಟ. ನಂಗೆ ಅದಕ್ಕಿಂತ ಇಷ್ಟ ಆಗೋದು 'ಮೆರಿಲಿ ವಿ ರೋಲ್ ಅಲಾಂಗ್' ಕಥೆ, 1981ರಲ್ಲಿ ಓಪನ್ ಆದ ಮೇಲೆ 16 ಶೋಗೆ ಮುಚ್ಚಿತು, 2023ರಲ್ಲಿ ತಿರುಗಿ ಬಂದು ಮರುವರ್ಷ ಬೆಸ್ಟ್ ರಿವೈವಲ್ ಟೋನಿ ತಗೊಂಡಿತು. ಯಾರೋ 1981ರಲ್ಲಿ ದುಡ್ಡು ಕಳ್ಕೊಳ್ಳಕ್ಕೆ ಒಪ್ಪದೇ ಇದ್ದಿದ್ರೆ 2023ರಲ್ಲಿ ಎಬ್ಬಿಸಕ್ಕೆ ಏನಿರ್ತಿತ್ತು?

ಇನ್ನು ಹೊಸದು ಅಂತ ಬರೋದ್ರಲ್ಲೂ ಬಹಳಷ್ಟು ಸಿನಿಮಾದಿಂದ ಎತ್ತಿದ್ದು, ಇಲ್ಲಾ ಹಳೇ ಹಿಟ್ ಹಾಡು ಪೋಣಿಸಿದ್ದು. ಹಾಡು ಮೊದಲೇ ಜನರ ಬಾಯಲ್ಲಿರೋದ್ರಿಂದ ಪ್ರಿವ್ಯೂನಲ್ಲಿ ನಮಗೆ ಪುಟ ಕಮ್ಮಿ, ನಿದ್ದೆ ಜಾಸ್ತಿ. ಎಲ್ಲಿಂದಲೂ ಎತ್ತದೇ ಬರೆದಿದ್ದು ಅಂದ್ರೆ 'ಮೇಬಿ ಹ್ಯಾಪಿ ಎಂಡಿಂಗ್' ಥರದ್ದು, 2016ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಶುರುವಾಗಿ 2024ರ ನವೆಂಬರಲ್ಲಿ ಬ್ರಾಡ್‌ವೇಗೆ ಬಂತು, ನಾಕೇ ನಟರು, ಕಥೆ ಎರಡು ರೋಬೋಟ್‌ಗಳದು, ಶುರುವಲ್ಲಿ ಟಿಕೆಟ್ ಹೋಗ್ತಿರ್ಲಿಲ್ಲ, ಜನರ ಬಾಯಿಂದ ಬಾಯಿಗೆ ಹಬ್ಬಿ ಮುಂದಿನ ಜೂನಲ್ಲಿ ಆರು ಟೋನಿ. ಗಮನಿಸಿ, ಬ್ರಾಡ್‌ವೇಗೆ ಬರೋ ಹೊತ್ತಿಗೆ ಅದು ತಿದ್ದಿ ತೀಡಿ ವರ್ಷಗಳಾಗಿತ್ತು. ಹೊಸ ಶೋ ಮಾಡೋರು ಕಲೀಬೇಕಾದ್ದು ಅದು ಅನ್ನೋದು ನನ್ನ ಲೆಕ್ಕ, ತಪ್ಪುಗಳನ್ನ ಸೀಟು ಕಮ್ಮಿ ಇರೋ ಜಾಗದಲ್ಲಿ ಮೊದಲೇ ಮಾಡಿ ಬನ್ನಿ, ಬ್ರಾಡ್‌ವೇ ಪ್ರಿವ್ಯೂನಲ್ಲಿ ಒಂದು ಹಾಡು ತೆಗೆಯೋದಕ್ಕಿಂತ ಅಲ್ಲಿ ತೆಗೆಯೋದು ಅಗ್ಗ.

ಈಗ ಕೆಲಸಕ್ಕೆ ಕರೆ ಬಂದಾಗ ರಿವೈವಲ್ ಆದ್ರೆ ನಾನು ಮೊದಲು ಕೇಳೋದು ಎಷ್ಟು ಜನ ನುಡಿಸ್ತಾರೆ, ಯಾರ ಆರ್ಕೆಸ್ಟ್ರೇಶನ್, ಸ್ಕೋರ್ ಸಿಕ್ಕಿದೆಯಾ. ಹೊಸದಾದ್ರೆ ಇದಕ್ಕೆ ಮುಂಚೆ ಎಲ್ಲಿ ಆಡಿದೆ, ಪ್ರಿವ್ಯೂ ಎಷ್ಟು ವಾರ, ಆರ್ಕೆಸ್ಟ್ರೇಟರ್ ಆ ವಾರಗಳಲ್ಲಿ ಊರಲ್ಲೇ ಇರ್ತಾರಾ. ಎಲ್ಲೂ ಆಡಿಲ್ಲ, ನೇರ ಇಲ್ಲಿಗೇ ಅಂದ್ರೆ ಇಲ್ಲ ಅನ್ನಲ್ಲ, ಬರ್ತೀನಿ, ಆದ್ರೆ ರಾತ್ರಿ ಕೆಲಸದ ರೇಟು ಮೊದಲೇ ಬರಹದಲ್ಲಿ ತಗೊಂಡು ಇನ್ನೊಬ್ಬ ಕಾಪಿಯಿಸ್ಟನ್ನ ಜೊತೆಗೆ ಕರ್ಕೊಂಡು ಬರ್ತೀನಿ.