ದಂಡದ ನೋಟಿಸ್ ಬಂದರೆ ಮೊದಲು ಫೋಟೋ ನೋಡಿ

ಸಂಚಾರ ನಿಯಮ ಉಲ್ಲಂಘನೆಯ ನೋಟಿಸ್ ಬಂದ ಕೂಡಲೇ ಗಾಬರಿಬಿದ್ದು ಹಣ ಕಟ್ಟಬೇಡಿ, ಮೂಲೆಗೆ ಎಸೆಯಲೂ ಬೇಡಿ. ಅದರಲ್ಲಿರುವ ಫೋಟೋವನ್ನು ದೊಡ್ಡದು ಮಾಡಿ ನೋಡಿ. ನನಗೊಮ್ಮೆ ಬಂದ ನೋಟಿಸಿನ ಫೋಟೋದಲ್ಲಿ ಇದ್ದದ್ದು ಬಿಳಿ ಕಾರು; ನನ್ನ ಬಳಿ ಇರುವುದು ಸ್ಕೂಟರ್! ಕಾರಿನ ನಂಬರ್ ಪ್ಲೇಟಿಗೆ ಕೆಸರು ಮೆತ್ತಿಕೊಂಡು 8 ಎಂಬುದು 3ರಂತೆ ಕಾಣುತ್ತಿತ್ತು. ನೋಂದಣಿ ಪತ್ರದ ಪ್ರತಿ, ಸ್ಕೂಟರಿನ ಫೋಟೋ ಇಟ್ಟು ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಿದೆ, ದಂಡ ರದ್ದಾಯಿತು.

ಸಿಗ್ನಲ್ ದಾಟಿದ ಆರೋಪವಾದರೆ ಸಾಮಾನ್ಯವಾಗಿ ಎರಡು ಚಿತ್ರಗಳಿರುತ್ತವೆ. ಕೆಂಪು ದೀಪ ಉರಿಯುತ್ತಿರುವಾಗ ವಾಹನ ನಿಲುಗಡೆ ಗೆರೆಯ ಹಿಂದಿರುವುದು ಒಂದು, ಗೆರೆ ದಾಟಿ ಮುಂದೆ ಹೋಗಿರುವುದು ಇನ್ನೊಂದು. ಎರಡೂ ಸ್ಪಷ್ಟವಾಗಿದ್ದರೆ ವಾದ ಬಿಟ್ಟು ದಂಡ ಕಟ್ಟಿ. ಹಳದಿ ದೀಪ ಕಂಡರೆ ವೇಗ ಹೆಚ್ಚಿಸುವ ಚಟದವರೇ ಇಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು (ನಾನೂ ಒಂದು ಕಾಲಕ್ಕೆ ಅವರಲ್ಲೊಬ್ಬ). ಗಂಟೆಗೆ 60 ಕಿ.ಮೀ. ವೇಗವೆಂದರೆ ಒಂದು ಸೆಕೆಂಡಿಗೆ ಸುಮಾರು 17 ಮೀಟರ್. ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಗೆರೆ ಹಿಂದೆ ಉಳಿದಿರುತ್ತದೆ.

ಮೊಬೈಲಿಗೆ ಬರುವ ‘ದಂಡ ಪಾವತಿಸಿ’ ಎಂಬ ಲಿಂಕ್ ಒತ್ತಲೇಬೇಡಿ. ಅಧಿಕೃತ ಜಾಲತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ಪರಿಶೀಲಿಸಿ.

ವಾಹನ ಮಾರಿದ್ದೀರಾ? ದಾಖಲೆಯಲ್ಲಿ ಹೆಸರು ಬದಲಾಗಿದೆಯೇ ಎಂದು ಇಂದೇ ನೋಡಿಕೊಳ್ಳಿ. ಬದಲಾಗದಿದ್ದರೆ ಕೊಂಡವರು ಮಾಡಿದ ತಪ್ಪಿಗೂ ನೋಟಿಸ್ ಬರುವುದು ನಿಮ್ಮ ಮನೆಗೇ.